ಚಕ್ರದ ಮೇಲಿನ ಮನೆಯಲ್ಲಿ ಒಗೆತದ ದಿನ

ಪ್ರವಾಸ ಹೋಗಿ ಬಂದವರು ಜಲಪಾತದ ಫೋಟೋ ತೋರಿಸುತ್ತಾರೆ, ಬೆಟ್ಟದ ಫೋಟೋ ತೋರಿಸುತ್ತಾರೆ. ಒಗೆಯದ ಬಟ್ಟೆಯ ಗಂಟಿನ ಫೋಟೋವನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಆದರೆ ಹತ್ತು ದಿನದ ಪ್ರವಾಸದಲ್ಲಿ ಆ ಗಂಟು ಇದ್ದೇ ಇರುತ್ತದೆ. ಅದನ್ನು ಒಗೆಯುವವರು ಯಾರು ಎಂಬ ಪ್ರಶ್ನೆಯೂ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ.

2025ರ ಜೂನ್ ತಿಂಗಳಲ್ಲಿ ನಾವು ಅಮೇರಿಕದ ಡೆನ್ವರ್ ನಗರದಲ್ಲಿರುವ ನನ್ನ ಮೈದುನನ ಮನೆಗೆ ಹೋಗಿದ್ದೆವು. ನಾನು, ನನ್ನ ಪತಿ, ಅತ್ತೆ, ಹದಿನಾಲ್ಕರ ಮಗ, ಒಂಬತ್ತರ ಮಗಳು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಬೇಕೆಂಬುದು ಮಕ್ಕಳ ಆಸೆ. ಆರು ಮಂದಿಗೆ ಹೋಟೆಲಿನ ಎರಡು ಕೋಣೆ, ಮೂರು ಹೊತ್ತಿನ ಊಟ ಎಂದು ಲೆಕ್ಕ ಹಾಕಿದ ಮೈದುನ, "ಕ್ಯಾಂಪರ್ ಬಾಡಿಗೆಗೆ ತೆಗೆದುಕೊಳ್ಳೋಣ. ಹಲಾಲ್ ಮಾಂಸವನ್ನು ಇಲ್ಲಿಂದಲೇ ಒಯ್ಯಬಹುದು. ನಮಾಝಿಗೂ ಜಾಗ ಹುಡುಕಬೇಕಾಗಿಲ್ಲ" ಎಂದ. ಅತ್ತೆ ಒಪ್ಪಿದರು. ಅವರು ಒಪ್ಪಿದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ.

ಕ್ಯಾಂಪರ್ ಎಂದರೆ ಲಾರಿಯ ಬೆನ್ನಿನ ಮೇಲೆ ಕಟ್ಟಿದ ಒಂದು ಪುಟ್ಟ ಮನೆ. ಚಾಲಕನ ತಲೆಯ ಮೇಲೊಂದು ಮಂಚ, ಹಿಂದೆ ಒಂದು ಮಂಚ. ಊಟದ ಮೇಜನ್ನು ಕೆಳಗಿಳಿಸಿ ಹಾಸಿಗೆ ಹಾಸಿದರೆ ಮೂರನೆಯ ಮಂಚ. ಎರಡು ಒಲೆಗಳ ಗ್ಯಾಸ್, ಸಣ್ಣ ಫ್ರಿಜ್, ನಿಂತರೆ ಮೊಣಕೈ ತಾಗುವ ಬಚ್ಚಲು. ಒಬ್ಬರು ನಡೆಯಬೇಕಾದರೆ ಇನ್ನೊಬ್ಬರು ಕುಳಿತುಕೊಳ್ಳಬೇಕು. ಮೊದಲ ದಿನ ಎಲ್ಲರಿಗೂ ನಗು. ಮೂರನೆಯ ದಿನ ಎಲ್ಲರಿಗೂ ಸಿಟ್ಟು.

ಆ ಮೂರು ದಿನಗಳಲ್ಲಿ ಉಳಿದವರು ಕಿಟಕಿಯಿಂದ ಬೆಟ್ಟ ನೋಡಿದರು. ನಾನು ಚಹಾ ಮಾಡಿದೆ, ಪಾತ್ರೆ ತೊಳೆದೆ, ಹಾಸಿಗೆ ಮಡಚಿದೆ, ಮತ್ತೆ ಹಾಸಿದೆ. ಊರಿನ ಅಡುಗೆಮನೆಯನ್ನೇ ಚಕ್ರ ಕಟ್ಟಿ ನನ್ನ ಜೊತೆ ಕಳುಹಿಸಿದಂತಿತ್ತು. ಮೂರನೆಯ ರಾತ್ರಿ ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರು ತಲುಪಿದಾಗ ನಾನು ಹೇಳಿದೆ, "ನಾಳೆ ನಾನು ಏನೂ ಮಾಡುವುದಿಲ್ಲ."

ಎಲ್ಲರೂ ಸುಮ್ಮನಾದರು. ಅತ್ತೆ ಮಾತ್ರ ಮಗನ ಶಾಲೆಯ ನೋಟ್ ಪುಸ್ತಕದಿಂದ ಒಂದು ಹಾಳೆ ಹರಿದು ತರಲು ಹೇಳಿದರು. "ನಾಳೆ ಎಲ್ಲಿಗೂ ಹೋಗುವುದು ಬೇಡ. ನಾಳೆ ಕೆಲಸದ ದಿನ. ಯಾರಿಗೆ ಯಾವ ಕೆಲಸವೆಂದು ನಾನು ಹೇಳುತ್ತೇನೆ, ನೀನು ಬರಿ" ಎಂದು ಮೊಮ್ಮಗನನ್ನು ಕೂರಿಸಿದರು.

ಕೊಳೆ ನೀರಿನ ಪಾಠ

ಈ ಕೋಡಿ ನಮ್ಮ ಕುಂದಾಪುರದ ಕೋಡಿಯಲ್ಲ. ಇಲ್ಲಿ ಕಡಲಿಲ್ಲ. ಸಮುದ್ರ ಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿ, ಶೊಶೋನ್ ನದಿಯ ದಡದಲ್ಲಿರುವ ಒಣ ಹವೆಯ ಪೇಟೆ. ಯೆಲ್ಲೋಸ್ಟೋನ್ ಉದ್ಯಾನದ ಪೂರ್ವ ದ್ವಾರ ಇಲ್ಲಿಂದ ಸುಮಾರು 85 ಕಿಲೋಮೀಟರ್. ಕಾಡಿನೊಳಗೆ ಹೋಗುವವರು ಇಲ್ಲೇ ನೀರು, ದಿನಸಿ, ಇಂಧನ ತುಂಬಿಸಿಕೊಳ್ಳುತ್ತಾರೆ. ಊರಿಗೆ ಈ ಹೆಸರು ಬಂದದ್ದು 'ಬಫೆಲೋ ಬಿಲ್' ಎಂದು ಪ್ರಸಿದ್ಧನಾದ ವಿಲಿಯಂ ಕೋಡಿಯಿಂದ. 1883ರಲ್ಲಿ ಆತ ಕುದುರೆ ಸವಾರರ ಒಂದು ಬಯಲು ಪ್ರದರ್ಶನ ಆರಂಭಿಸಿ ಅಮೇರಿಕ, ಯುರೋಪುಗಳನ್ನು ಸುತ್ತಿದ. ಮುಂದೆ ಅವನ ತಂಡದಲ್ಲಿ ಅರಬ್ ಸವಾರರೂ ಇದ್ದರು. 1890ರ ದಶಕದಲ್ಲಿ ತನ್ನ ಸಂಗಡಿಗರೊಂದಿಗೆ ಈ ಊರು ಕಟ್ಟಿದ. 1902ರಲ್ಲಿ ಕಿರಿಯ ಮಗಳು ಇರ್ಮಾಳ ಹೆಸರಿನಲ್ಲಿ ತೆರೆದ ಹೋಟೆಲು ಇಂದಿಗೂ ಮುಖ್ಯ ಬೀದಿಯಲ್ಲಿದೆ.

ಅತ್ತೆಯ ಪಟ್ಟಿಯಲ್ಲಿ ಮೊದಲ ಕೆಲಸ ಕೊಳೆ ನೀರು ಹೊರಹಾಕುವುದು. ಅದು ನನ್ನ ಪತಿಗೂ ಮಗನಿಗೂ ಬಿತ್ತು. ಕ್ಯಾಂಪರಿನ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿವೆ. ಒಂದರಲ್ಲಿ ಶುದ್ಧ ನೀರು. ನಮ್ಮದರಲ್ಲಿ ಸುಮಾರು 150 ಲೀಟರ್ ಹಿಡಿಯುತ್ತಿತ್ತು. ಇನ್ನೊಂದಕ್ಕೆ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಬೀಳುತ್ತದೆ. ಮೂರನೆಯದಕ್ಕೆ ಶೌಚಾಲಯದ ಕೊಳೆ. ಇವನ್ನು ಕಂಡ ಕಂಡಲ್ಲಿ ಸುರಿಯುವಂತಿಲ್ಲ, ಅದಕ್ಕೆಂದೇ ಮಾಡಿದ ಜಾಗವಿದೆ. ಕೈಗವಸು ಹಾಕಿ, ದಪ್ಪ ಕೊಳವೆಯನ್ನು ನೆಲದ ಗುಂಡಿಗೆ ಸಿಕ್ಕಿಸಿ, ಮೊದಲು ಶೌಚದ ತೊಟ್ಟಿ ತೆರೆಯಬೇಕು. ಅದು ಖಾಲಿಯಾದ ಮೇಲೆ ಪಾತ್ರೆ ತೊಳೆದ ನೀರನ್ನು ಬಿಟ್ಟರೆ ಅದೇ ನೀರು ಕೊಳವೆಯನ್ನೂ ತೊಳೆಯುತ್ತದೆ. ಕ್ರಮ ತಪ್ಪಿದರೆ ಕೊಳವೆಯಲ್ಲಿ ಕೊಳೆ ಉಳಿಯುತ್ತದೆ.

ಮಗ ಮೂಗು ಮುಚ್ಚಿಕೊಂಡು ಹೊರಟವನು ಅರ್ಧ ಗಂಟೆಯ ನಂತರ ಗಂಭೀರನಾಗಿ ಬಂದ. "ಉಮ್ಮಾ, ಇಷ್ಟೆಲ್ಲಾ ನೀರು ನಾವೇ ಹಾಳು ಮಾಡಿದ್ದಾ?" ಎಂದು ಕೇಳಿದ. ಊರಿನಲ್ಲಿ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ಅವನು ಯೋಚಿಸಿದವನಲ್ಲ. ವುಝೂ ಮಾಡುವಾಗ ನಲ್ಲಿ ಹರಿಯಬಿಡಬೇಡ ಎಂದು ಅಜ್ಜಿ ಹತ್ತು ವರ್ಷದಿಂದ ಹೇಳಿದ್ದು ಅಂದು ಹೋಗಿ ತಲೆಗೆ ತಟ್ಟಿತು. ಮುಂದಿನ ದಿನಗಳಲ್ಲಿ ಒಂದು ಲೋಟ ನೀರಿನಲ್ಲಿ ಹೇಗೆ ವುಝೂ ಮುಗಿಸಬಹುದೆಂದು ಅವನೇ ತಂಗಿಗೆ ಕಲಿಸಿದ.

ಹಾಸುಬಟ್ಟೆಯ ಎರಡು ತುದಿ

ಒಗೆತದ ಕೆಲಸ ಮೈದುನನದ್ದು. ಸಹಾಯಕ್ಕೆ ಅತ್ತೆ. ನಾನು ಜೊತೆಗೆ ಹೋದದ್ದು ಕುಳಿತು ನೋಡಲು ಮಾತ್ರ, ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಅಲ್ಲಿ ಪ್ರತಿ ಪೇಟೆಯಲ್ಲೂ ಬಾಡಿಗೆಗೆ ಒಗೆಯುವ ಯಂತ್ರಗಳ ಅಂಗಡಿ ಇರುತ್ತದೆ. ನಾವು ಹೋದಲ್ಲಿ ಯಂತ್ರಕ್ಕೆ 25 ಸೆಂಟಿನ ನಾಣ್ಯ ಹಾಕಬೇಕಿತ್ತು. ಮೈದುನ ಬಿಳಿ ಬಟ್ಟೆಯೊಂದಿಗೆ ಮಗನ ಕೆಂಪು ಅಂಗಿಯನ್ನೂ ತುಂಬಿದ. ಹೊರಬಂದಾಗ ಅವನ ಬನಿಯನುಗಳೆಲ್ಲ ಗುಲಾಬಿ ಬಣ್ಣ. ಅತ್ತೆ ಒಂದು ಮಾತೂ ಬೈಯಲಿಲ್ಲ. "ಕಲಿಯಬೇಕಾದರೆ ಒಂದು ಬನಿಯನ್ ಹೋಗುತ್ತದೆ" ಎಂದರು ಅಷ್ಟೇ.

ಪಕ್ಕದ ಯಂತ್ರದ ಬಳಿ ಅತ್ತೆಯ ವಯಸ್ಸಿನ ಒಬ್ಬ ಬಿಳಿಯ ಮಹಿಳೆ ಇದ್ದರು. ಅವರು ನಮ್ಮ ಕಡೆ ಎರಡು ಸಲ ನೋಡಿದರು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಮುಜುಗರವಾಯಿತು. ಆ ಸಣ್ಣ ಊರಿನಲ್ಲಿ ತಲೆವಸ್ತ್ರ ಧರಿಸಿದವರು ನಾವಿಬ್ಬರೇ. ಹೊರಡುವ ಮೊದಲು ಬಂಧುಗಳು ಏನೇನೋ ಹೇಳಿ ಹೆದರಿಸಿದ್ದರು. ಆಕೆ ಎದ್ದು ನಮ್ಮ ಕಡೆಗೇ ಬಂದಾಗ ನಾನು ಉತ್ತರಕ್ಕೆ ಸಿದ್ಧಳಾದೆ.

ಆಕೆ ಬಂದದ್ದು ಬೇರೆ ಕಾರಣಕ್ಕೆ. ಅತ್ತೆ ಒಂದು ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಚಲು ಒದ್ದಾಡುತ್ತಿದ್ದರು. ಆಕೆ ಇನ್ನೊಂದು ತುದಿ ಹಿಡಿದರು. ಇಬ್ಬರೂ ಎದುರು ಬದುರು ನಿಂತು, ಜಾಡಿಸಿ, ಹತ್ತಿರ ಬಂದು, ಮತ್ತೆ ದೂರ ಹೋಗಿ ನಾಲ್ಕು ಹಾಸುಬಟ್ಟೆಗಳನ್ನು ಮಡಚಿದರು. ಅತ್ತೆಗೆ ಇಂಗ್ಲಿಷ್ ಬಾರದು, ಆಕೆಗೆ ಬ್ಯಾರಿ ಭಾಷೆ ಬಾರದು. ಆ ಕೆಲಸಕ್ಕೆ ಎರಡೂ ಬೇಕಾಗಿರಲಿಲ್ಲ.

ಬಳಿಕ ಆಕೆ ನಮ್ಮೊಡನೆ ಕುಳಿತು ಮಾತಾಡಿದರು. ರಾತ್ರಿ ಮಕ್ಕಳನ್ನು ರೋಡಿಯೋಗೆ ಕರೆದುಕೊಂಡು ಹೋಗಿ ಎಂದರು. ಸ್ವಲ್ಪ ತಡೆದು, "ಸಮಯವಿದ್ದರೆ ಹಾರ್ಟ್ ಮೌಂಟನ್ ನೋಡಿ. ನಾವು ಚಿಕ್ಕವರಿದ್ದಾಗ ಮನೆಗಳಲ್ಲಿ ಆ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ" ಎಂದು ಸೇರಿಸಿದರು.

ದಿನಸಿ ಖರೀದಿ ನನ್ನ ಪತಿಯದ್ದು. ಮಗಳು ಬೆಂಕಿಯಲ್ಲಿ ಸುಟ್ಟು ತಿನ್ನುವ ಮಾರ್ಷ್‌ಮ್ಯಾಲೋ ಬೇಕೆಂದು ಹಟ ಹಿಡಿದಳು. ಅವರು ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಿಸಿದರು. ಜೆಲಾಟಿನ್ ಎಂದಿತ್ತು. ಅದು ಪ್ರಾಣಿಯ ಚರ್ಮ, ಮೂಳೆಗಳಿಂದ ಬರುತ್ತದೆ, ಯಾವ ಪ್ರಾಣಿ ಎಂದು ಬರೆದಿರುವುದಿಲ್ಲ, ಹೆಚ್ಚಾಗಿ ಹಂದಿಯದ್ದು ಎಂದು ವಿವರಿಸಿದರು. ಬದಲಿಗೆ ಜೋಳದ ತೆನೆ ಬಂತು. ಮರಳುವಾಗ ಅಡುಗೆ ಗ್ಯಾಸ್ ತುಂಬಿಸಿ ಬಂದರು. ಒಟ್ಟು ಎರಡೂವರೆ ಗಂಟೆ. "ನೀನು ಊರಿನಲ್ಲಿ ಇದನ್ನು ಒಂದು ಗಂಟೆಯಲ್ಲಿ ಹೇಗೆ ಮುಗಿಸುತ್ತೀ?" ಎಂದು ಕೇಳಿದರು. ಹದಿನಾರು ವರ್ಷದ ದಾಂಪತ್ಯದಲ್ಲಿ ಆ ಪ್ರಶ್ನೆಯನ್ನು ನಾನು ಮೊದಲ ಬಾರಿ ಕೇಳಿದ್ದು.

ಆಯ್ಕೆಯಿಲ್ಲದ ಒಂದು ಕೋಣೆ

ಝುಹ್ರ್ ಮತ್ತು ಅಸ್ರ್ ನಮಾಝುಗಳನ್ನು ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಜೊತೆಯಾಗಿ ನಿರ್ವಹಿಸಿ, ಊಟ ಮುಗಿಸಿ ನಾವು ಹಾರ್ಟ್ ಮೌಂಟನ್‌ಗೆ ಹೊರಟೆವು. ಕೋಡಿಯಿಂದ ಪೊವೆಲ್ ಊರಿಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಬಯಲಿನ ನಡುವೆ ಒಂಟಿಯಾಗಿ ನಿಂತ ಬೆಟ್ಟದ ಹೆಸರೇ ಆ ಜಾಗಕ್ಕೂ ಬಂದಿದೆ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಒಳನಾಡಿನ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೇರಿಕದಲ್ಲೇ ಹುಟ್ಟಿದ ಪ್ರಜೆಗಳು. ಆರೋಪವಿಲ್ಲ, ವಿಚಾರಣೆಯಿಲ್ಲ. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ ಒಯ್ಯಬಹುದಿತ್ತು. ಹಾರ್ಟ್ ಮೌಂಟನ್ ಶಿಬಿರ 1942ರ ಆಗಸ್ಟಿನಿಂದ 1945ರ ನವೆಂಬರ್ ತನಕ ಇತ್ತು. ಒಂದು ಹಂತದಲ್ಲಿ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಆಗ ಅದು ವಯೋಮಿಂಗ್ ರಾಜ್ಯದ ಮೂರನೆಯ ದೊಡ್ಡ 'ಊರು'. ಸುತ್ತ ಮುಳ್ಳುತಂತಿ, ಕಾವಲು ಗೋಪುರ.

2011ರಲ್ಲಿ ತೆರೆದ ವಸ್ತು ಸಂಗ್ರಹಾಲಯವನ್ನು ಹಳೆಯ ಬ್ಯಾರಕ್ಕುಗಳ ಆಕಾರದಲ್ಲೇ ಕಟ್ಟಿದ್ದಾರೆ. ಹೊರಗೆ ಶಿಬಿರದ ಆಸ್ಪತ್ರೆಯ ಇಟ್ಟಿಗೆಯ ಚಿಮಣಿ ಇನ್ನೂ ನಿಂತಿದೆ. ಒಳಗೆ ಒಂದು ಕುಟುಂಬದ ಕೋಣೆಯನ್ನು ಹೇಗಿತ್ತೋ ಹಾಗೆ ತೋರಿಸಿದ್ದಾರೆ. ಒಂದು ಕೋಣೆಗೆ ಒಂದು ಕುಟುಂಬ. ಒಂದು ಕಲ್ಲಿದ್ದಲಿನ ಒಲೆ, ಒಂದು ದೀಪ, ಸೇನೆಯ ಮಂಚಗಳು. ಡಾಂಬರು ಕಾಗದ ಹೊದಿಸಿದ ಹಲಗೆಯ ಗೋಡೆ. ಹಸಿ ಹಲಗೆ ಒಣಗಿ ಬಿರುಕು ಬಿಟ್ಟಾಗ ಅದರ ಮೂಲಕ ಧೂಳು, ಚಳಿಗಾಲದಲ್ಲಿ ಹಿಮದ ಗಾಳಿ ನುಗ್ಗುತ್ತಿತ್ತು. ತಾಯಂದಿರು ಹಳೆ ಬಟ್ಟೆ, ಪತ್ರಿಕೆ ತುರುಕಿ ಅದನ್ನು ಮುಚ್ಚುತ್ತಿದ್ದರು.

ಆ ಕೋಣೆಯಲ್ಲಿ ಅಡುಗೆಯಿರಲಿಲ್ಲ, ನೀರಿರಲಿಲ್ಲ. ಊಟಕ್ಕೆ ನೂರಾರು ಜನರ ಸಾಮೂಹಿಕ ಭೋಜನಶಾಲೆ, ಒಗೆತಕ್ಕೆ ಸಾಮೂಹಿಕ ಕಟ್ಟಡ, ಶೌಚಕ್ಕೆ ಸಾಮೂಹಿಕ ಶೌಚಾಲಯ. ಹೆಂಗಸರ ಶೌಚಾಲಯಗಳಲ್ಲಿ ಮೊದಮೊದಲು ಅಡ್ಡ ಮರೆಯೂ ಇರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಕತ್ತಲಲ್ಲಿ ಎದ್ದು ಹೋಗುವವರಿದ್ದರು. ಮಕ್ಕಳು ಗೆಳೆಯರ ಜೊತೆ ಬೇರೆ ಮೇಜಿನಲ್ಲಿ ಉಣ್ಣತೊಡಗಿದರು. ತಂದೆ ತಾಯಿ ಮಕ್ಕಳು ಒಟ್ಟಿಗೆ ಕುಳಿತು ಉಣ್ಣುವ ರೂಢಿಯೇ ತಪ್ಪಿತು.

ಇದನ್ನು ಅತ್ತೆಗೆ ವಿವರಿಸುತ್ತಾ ಬಂದಂತೆ ನನ್ನ ಮಾತು ನಿಂತಿತು. ಮೂರು ದಿನದಿಂದ ನಾನು ಗೊಣಗುತ್ತಿದ್ದದ್ದು ಇಂಥದೇ ಒಂದು ಕೋಣೆಯ ಬಗ್ಗೆ. ಆದರೆ ಆ ಕೋಣೆಗೆ ಬಾಡಿಗೆ ಕೊಟ್ಟು ನಾನೇ ಬಂದಿದ್ದೆ. ಅದರ ಬೀಗದ ಕೈ ನನ್ನ ಪತಿಯ ಕಿಸೆಯಲ್ಲಿತ್ತು. ಇಲ್ಲಿನ ತಾಯಂದಿರು ಮೂರು ಚಳಿಗಾಲ ಕಳೆದರು, ಬೀಗದ ಕೈ ಬೇರೆಯವರಲ್ಲಿತ್ತು. ಮೂರು ದಿನಗಳಲ್ಲಿ ನನಗೆ ಅತ್ಯಂತ ಬೇಸರ ತಂದಿದ್ದ ಕೆಲಸ, ನನ್ನ ಒಲೆಯಲ್ಲಿ ನನ್ನವರಿಗೆ ಬೇಯಿಸಿ ಬಡಿಸುವುದು, ಅವರಿಂದ ಕಸಿದುಕೊಂಡಿದ್ದು ಅದನ್ನೇ.

ಡೇರೆಯ ಗೆಳೆತನ

ಆ ಶಿಬಿರದಲ್ಲಿ ನಾರ್ಮನ್ ಮಿನೆಟಾ ಎಂಬ ಹುಡುಗನಿದ್ದ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯವನು. ರೈಲು ಹತ್ತುವಾಗ ಅವನ ವಯಸ್ಸು ಹತ್ತು. ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ಆಯುಧವೆಂದು ಸೈನಿಕರು ಕಿತ್ತುಕೊಂಡರು. ಶಿಬಿರದ ಸ್ಕೌಟ್ ಬಾಲಕರು ಕೋಡಿಯ ಸ್ಕೌಟ್ ಬಾಲಕರನ್ನು ಆಹ್ವಾನಿಸಿದಾಗ ಬಂದವರಲ್ಲಿ ಆಲನ್ ಸಿಂಪ್ಸನ್ ಎಂಬ ಹುಡುಗನೂ ಇದ್ದ. ಇಬ್ಬರಿಗೂ ಒಂದೇ ಡೇರೆ. ಮಳೆನೀರು ಹೋಗಲು ಡೇರೆಯ ಸುತ್ತ ಕಾಲುವೆ ತೋಡಿ, ಕೆಳಗಿದ್ದ ಇನ್ನೊಬ್ಬ ಹುಡುಗನ ಡೇರೆಗೆ ನೀರು ನುಗ್ಗಿಸಿ ನಕ್ಕದ್ದನ್ನು ಇಬ್ಬರೂ ಮುದುಕರಾದ ಮೇಲೂ ಹೇಳುತ್ತಿದ್ದರು.

ಮಿನೆಟಾ ಮುಂದೆ ಡೆಮಾಕ್ರಟಿಕ್ ಪಕ್ಷದಿಂದ ಸಂಸತ್ತಿಗೆ ಹೋದರು. ಸಿಂಪ್ಸನ್ ರಿಪಬ್ಲಿಕನ್ ಪಕ್ಷದಿಂದ ಸೆನೆಟರ್ ಆದರು. ಪಕ್ಷ ಬೇರೆಯಾದರೂ ಡೇರೆಯ ಗೆಳೆತನ ಬಿಡಲಿಲ್ಲ. ಶಿಬಿರಗಳಿಗೆ ಜನಾಂಗ ದ್ವೇಷ, ಯುದ್ಧದ ಭೀತಿ ಮತ್ತು ನಾಯಕರ ವೈಫಲ್ಯ ಕಾರಣವೆಂದು 1983ರಲ್ಲಿ ಸರಕಾರದ ಆಯೋಗವೇ ಹೇಳಿತು. 1988ರಲ್ಲಿ ಬಂದ ಕಾನೂನು ಕ್ಷಮೆ ಯಾಚಿಸಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು. ಅದಕ್ಕಾಗಿ ಮಿನೆಟಾ ಕೆಳಮನೆಯಲ್ಲಿ ದುಡಿದರು, ಸಿಂಪ್ಸನ್ ಸೆನೆಟಿನಲ್ಲಿ ಬೆಂಬಲಿಸಿದರು.

2001ರ ಸೆಪ್ಟೆಂಬರ್ 11ರಂದು ಮಿನೆಟಾ ಅಮೇರಿಕದ ಸಾರಿಗೆ ಸಚಿವರಾಗಿದ್ದರು. ಅರಬರನ್ನೂ ಮುಸ್ಲಿಮರನ್ನೂ ಬೇರೆಯಾಗಿ ನೋಡಬೇಕೆಂಬ ಕೂಗು ಎದ್ದಾಗ ಅವರು ಒಪ್ಪಲಿಲ್ಲ. ಮುಖ, ಉಡುಪು, ಹೆಸರು ನೋಡಿ ಪ್ರಯಾಣಿಕರನ್ನು ಬೇರ್ಪಡಿಸಬಾರದೆಂದು ಅವರ ಇಲಾಖೆ ವಿಮಾನ ಕಂಪೆನಿಗಳಿಗೆ ಬರೆಯಿತು. ಆಗ ಮುಸ್ಲಿಮರಿಗೆ ಅನ್ಯಾಯ ಆಗಲೇ ಇಲ್ಲವೆಂದಲ್ಲ, ಎಷ್ಟೋ ವಲಸಿಗರು ಕಾರಣವಿಲ್ಲದೆ ಬಂಧನ ಅನುಭವಿಸಿದರು. ಆದರೆ 1942 ಮತ್ತೆ ಬರಬಾರದು ಎಂದು ಹೇಳಲು ಸಂಪುಟದ ಒಳಗೇ ಒಬ್ಬರಿದ್ದರು. ಅವರು ಮುಸ್ಲಿಮರಲ್ಲ. ಬೇಲಿಯ ಒಳಗಿನಿಂದ ಹೊರಗೆ ನೋಡಿದ್ದವರು. ಮಿನೆಟಾ 2022ರಲ್ಲಿ, ಸಿಂಪ್ಸನ್ 2025ರ ಮಾರ್ಚಿನಲ್ಲಿ ತೀರಿಕೊಂಡರು. ಇಬ್ಬರ ಹೆಸರಿನ ಸಂಸ್ಥೆಯೊಂದು ಈಗ ಅದೇ ಶಿಬಿರದ ನೆಲದಲ್ಲಿದೆ.

"ನಮ್ಮಲ್ಲಿ ಹೀಗೆ ಆಗಿಲ್ಲ ಅಲ್ವಾ?" ಎಂದು ಮಗಳು ಕೇಳಿದಳು. ಆಗಿದೆ ಎಂದೇ ಹೇಳಬೇಕಾಯಿತು. 1962ರ ಚೀನಾ ಯುದ್ಧದ ವೇಳೆ ಅಸ್ಸಾಮ್ ಮತ್ತಿತರ ಕಡೆಗಳಿಂದ ಚೀನೀ ಮೂಲದ ಸುಮಾರು ಮೂರು ಸಾವಿರ ಮಂದಿಯನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಇರಿಸಲಾಗಿತ್ತು. ಭಯ ಹುಟ್ಟಿದಾಗ ನೆರೆಯವರನ್ನೇ ಶತ್ರು ಎಂದು ಎಣಿಸುವುದು ಒಂದೇ ದೇಶದ ರೋಗವಲ್ಲ.

ಎಂಟು ಸೆಕೆಂಡಿನ ಆಟ

ಸಂಜೆ ಮಕ್ಕಳಿಗೆ ಕೊಟ್ಟ ಮಾತಿನಂತೆ ರೋಡಿಯೋ. ಕೋಡಿಯಲ್ಲಿ ಜೂನ್‌ನಿಂದ ಆಗಸ್ಟ್ ತನಕ ಪ್ರತಿರಾತ್ರಿ ಎಂಟಕ್ಕೆ ಇದು ನಡೆಯುತ್ತದೆ. 1938ರಲ್ಲಿ ಆರಂಭವಾದದ್ದು. ಎಂಟು ಗಂಟೆಗೂ ಅಲ್ಲಿ ಬಿಸಿಲಿತ್ತು.

ದನಗಾಹಿಗಳ ದಿನನಿತ್ಯದ ಕೆಲಸವೇ ಇಲ್ಲಿ ಆಟವಾಗಿದೆ. ಓಡುವ ಕರುವಿಗೆ ಕುದುರೆಯ ಮೇಲಿನಿಂದ ಹಗ್ಗದ ಕುಣಿಕೆ ಎಸೆಯುವುದು, ಪಳಗದ ಕುದುರೆಯ ಬೆನ್ನ ಮೇಲೆ ಕೂರುವುದು. ಕೊನೆಗೆ ಗೂಳಿ ಸವಾರಿ. ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡು ಕೂತರೆ ಗೆದ್ದಂತೆ. ಹೆಚ್ಚಿನವರು ಮೂರು ಸೆಕೆಂಡಿಗೇ ಮಣ್ಣಿನಲ್ಲಿ. ಹೆಣ್ಣುಮಕ್ಕಳು ಮೂರು ಪೀಪಾಯಿಗಳ ಸುತ್ತ ಕುದುರೆ ಓಡಿಸುವ ಸ್ಪರ್ಧೆ ಬಂದಾಗ ನನ್ನ ಮಗಳು ಬೆಂಚಿನ ಮೇಲೆ ಎದ್ದು ನಿಂತಳು. ಈ ವಯೋಮಿಂಗ್ 1869ರಲ್ಲೇ, ಇನ್ನೂ ರಾಜ್ಯವಾಗುವ ಮೊದಲೇ, ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟ ನಾಡು ಎಂದು ಮೈದುನ ಅವಳಿಗೆ ಹೇಳಿದ.

ಗೂಳಿಯ ಸೊಂಟಕ್ಕೆ ಹಗ್ಗ ಬಿಗಿಯುವುದನ್ನು ನೋಡಿ ಅತ್ತೆ ಮುಖ ತಿರುಗಿಸಿದರು. "ಮೂಕ ಪ್ರಾಣಿ" ಎಂದರು. ನನ್ನ ಪತಿ ಕಂಬಳವನ್ನು ನೆನಪಿಸಿದರು. ಕಂಬಳದ ಬಗ್ಗೆಯೂ ನಮ್ಮಲ್ಲಿ ಇದೇ ವಾದ ನಡೆದು, 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತಡೆ ಬಂದು, ರಾಜ್ಯ ಕಾನೂನು ತಿದ್ದಿ, 2023ರಲ್ಲಿ ಅದೇ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ರೋಡಿಯೋವನ್ನು ವಿರೋಧಿಸುವವರು ಅಮೇರಿಕದಲ್ಲೂ ಇದ್ದಾರೆ. ಅತ್ತೆ ಎರಡೂ ಕಡೆ ಕೇಳಿ, "ಕೋರ್ಟು ಏನೇ ಹೇಳಲಿ, ಅದರ ನೋವನ್ನು ಅದರ ಒಡೆಯನ ಹತ್ತಿರ ಅದೇ ಹೇಳಿಕೊಳ್ಳುತ್ತದೆ" ಎಂದರು.

ನಡುವೆ ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದರು. ಕರುವಿನ ಬಾಲಕ್ಕೆ ಕಟ್ಟಿದ ರಿಬ್ಬನ್ ಕಿತ್ತು ತರುವ ಆಟ. ದೊಡ್ಡ ಟೊಪ್ಪಿಗೆಯ ನೂರು ಮಕ್ಕಳ ನಡುವೆ ನನ್ನ ಮಗಳ ಹಸಿರು ತಲೆವಸ್ತ್ರ ಓಡುತ್ತಿತ್ತು. ರಿಬ್ಬನ್ ಸಿಗಲಿಲ್ಲ, ಮಣ್ಣು ಮಾತ್ರ ಬೇಕಾದಷ್ಟು ಸಿಕ್ಕಿತು. ಬೆಳಿಗ್ಗೆ ಒಗೆದ ಬಟ್ಟೆ! ಯಾರೋ ಒಬ್ಬ ಹುಡುಗ ಬಿದ್ದವಳ ಕೈ ಹಿಡಿದು ಎಬ್ಬಿಸಿದ.

ಸೂರ್ಯ ಮುಳುಗುವಾಗ ಒಂಬತ್ತು ದಾಟಿತ್ತು. ವಾಹನಗಳ ಸಾಲಿನಲ್ಲಿ ನಮ್ಮ ಕ್ಯಾಂಪರಿನ ಪಕ್ಕ ಚಾಪೆ ಹಾಸಿ ಮಗ್ರಿಬ್ ನಮಾಝ್ ನಿರ್ವಹಿಸಿದೆವು. ಹಾದುಹೋಗುತ್ತಿದ್ದ ಒಂದು ಕುಟುಂಬ ನಮ್ಮ ಮುಂದಿನಿಂದ ದಾಟದೆ ಸುತ್ತು ಹಾಕಿ ಹೋಯಿತು.

ರಾತ್ರಿ ಮಲಗುವಾಗ ಮೇಜನ್ನು ಇಳಿಸಿ ಹಾಸಿಗೆ ಹಾಸಿದ್ದು ಮಗ. ನಾನು ಹೇಳಿರಲಿಲ್ಲ. ಹಾಸುಬಟ್ಟೆಗೆ ಸೋಪಿನ ಪರಿಮಳವಿತ್ತು. ಅತ್ತೆ ಪಟ್ಟಿಯ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಇದನ್ನು ಊರಿಗೂ ತೆಗೆದುಕೊಂಡು ಹೋಗೋಣ" ಎಂದರು. ತಂದಿದ್ದೇವೆ. ಈಗ ನಮ್ಮ ಮನೆಯಲ್ಲಿ ಭಾನುವಾರದ ಒಗೆತ ಗಂಡಸರದ್ದು. ಬನಿಯನುಗಳು ಈಗ ಬಿಳಿಯಾಗಿಯೇ ಹೊರಬರುತ್ತವೆ.

ಸಹೋದರಿಯರೇ, ನೀವು ಪ್ರವಾಸ ಹೊರಟಾಗ ಒಂದು ದಿನವನ್ನು ಕೆಲಸಕ್ಕೆಂದೇ ಇಟ್ಟುಕೊಳ್ಳಿ. ಕೆಲಸವನ್ನು ಹಂಚಿ. ಒಗೆಯುವ ಕಲ್ಲಿನ ಬಳಿಯೋ, ಅಂಗಡಿಯ ಸಾಲಿನಲ್ಲೋ ಪಕ್ಕದಲ್ಲಿ ನಿಂತವರ ಜೊತೆ ಎರಡು ಮಾತಾಡಿ. ನೋಡಲೇಬೇಕಾದ ಜಾಗ ಯಾವುದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿಯಲು ಬಂದವರನ್ನು ನೋಡಿ ಕ್ಷಣ ಹೊತ್ತು ಹೆದರಿದ್ದೆನಲ್ಲಾ, ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.